ದೋಣಿಯ ವಿದ್ಯುತ್ ಮೋಟಾರ್‌ಗೆ ಎಂಥ ಬ್ಯಾಟರಿ? ಅಳಿವೆಯ ಮೀನುಗಾರನ ಮುಂದಿರುವ ಲೆಕ್ಕಾಚಾರ

ಕರಾವಳಿಯಲ್ಲಿ 'ಟ್ರಾಲಿಂಗ್' ಎಂದೊಡನೆ ನೆನಪಾಗುವುದು ಮಲ್ಪೆ, ಮಂಗಳೂರು ಬಂದರುಗಳಿಂದ ಹೊರಡುವ ಟ್ರಾಲ್ ದೋಣಿಗಳು, ಅವು ಸಮುದ್ರದ ತಳಕ್ಕೆ ಇಳಿಸಿ ಎಳೆಯುವ ಬಲೆ. ಆದರೆ ಅಂತರ್ಜಾಲ ಮಾರುಕಟ್ಟೆಯಲ್ಲಿ 'ಟ್ರೋಲಿಂಗ್ ಮೋಟಾರ್' ಎಂಬ ಹೆಸರಿನಲ್ಲಿ ದೊರೆಯುವ ಸಾಧನಕ್ಕೂ ಈ ಬಲೆಗೂ ಯಾವ ಸಂಬಂಧವೂ ಇಲ್ಲ. ಗಾಳದ ದಾರವನ್ನು ನೀರಿಗೆ ಬಿಟ್ಟು ದೋಣಿಯನ್ನು ನಿಧಾನವಾಗಿ ಮುಂದಕ್ಕೆ ಸಾಗಿಸುತ್ತ ಮೀನು ಹಿಡಿಯುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಅದಕ್ಕೆಂದೇ ರೂಪುಗೊಂಡ, ಬ್ಯಾಟರಿಯಿಂದ ನಡೆಯುವ, ಸದ್ದಿಲ್ಲದ ಪುಟ್ಟ ಮೋಟಾರ್ ಇದು.

ಇದರ ತವರು ಅಮೆರಿಕ. ಉತ್ತರ ಡಕೋಟಾ ರಾಜ್ಯದ ಫಾರ್ಗೊ ಪಟ್ಟಣದಲ್ಲಿ 1934ರಲ್ಲಿ ಓ.ಜಿ. ಶ್ಮಿಟ್ ಎಂಬವರು ಫೋರ್ಡ್ ಮಾಡೆಲ್-ಎ ಕಾರಿನ ಸ್ಟಾರ್ಟರ್ ಮೋಟಾರಿಗೆ ದಂಡವನ್ನೂ ಪಂಖವನ್ನೂ ಜೋಡಿಸಿ ಇಂತಹ ಮೊದಲ ಮೋಟಾರ್ ಸಿದ್ಧಪಡಿಸಿದರು. ಮಿನೆಸೋಟಾ ಮತ್ತು ಡಕೋಟಾ ರಾಜ್ಯಗಳ ಹೆಸರುಗಳನ್ನು ಕೂಡಿಸಿ 'ಮಿನ್ ಕೋಟಾ' ಎಂಬ ಕಂಪೆನಿ ಹುಟ್ಟಿದ್ದು ಹೀಗೆ. ಅಲ್ಲಿನ ಸರೋವರಗಳಲ್ಲಿ ರಜೆಯ ದಿನ ಗಾಳ ಹಾಕುವ ಹವ್ಯಾಸಿಗಳಿಗಾಗಿ ರೂಪುಗೊಂಡ ಈ ಯಂತ್ರವನ್ನು ನಮ್ಮ ಅಳಿವೆಗಳ ದುಡಿಯುವ ದೋಣಿಗೆ ಕಟ್ಟುವಾಗ ಕೆಲವು ಲೆಕ್ಕಗಳು ಬದಲಾಗುತ್ತವೆ. ಹವ್ಯಾಸಿಯ ಬ್ಯಾಟರಿ ಮುಗಿದರೆ ಅವನ ಸಂಜೆ ಹಾಳಾಗುತ್ತದೆ, ಅಷ್ಟೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಯ ಸಮೀಪ ಬ್ಯಾಟರಿ ಕೈಕೊಟ್ಟರೆ ದೋಣಿ ಸಾಗುವುದು ಮನೆಯ ಕಡೆಗಲ್ಲ, ಕಡಲಿನ ಕಡೆಗೆ.

ಮೋಟಾರ್ ಕೊಳ್ಳುವವರಲ್ಲಿ ಹೆಚ್ಚಿನವರು ಮೋಟಾರಿನ ಬಗ್ಗೆ ಹತ್ತು ಕಡೆ ವಿಚಾರಿಸಿ, ಬ್ಯಾಟರಿಯನ್ನು ಮಾತ್ರ ಹತ್ತಿರದ ಅಂಗಡಿಯಲ್ಲಿ ದೊರೆತದ್ದನ್ನೇ ಕೊಂಡುಬಿಡುವುದುಂಟು. ವಾಸ್ತವದಲ್ಲಿ ಖರ್ಚು ಹೆಚ್ಚು ಬೀಳುವುದೂ, ಅಪಾಯ ಅಡಗಿರುವುದೂ ಬ್ಯಾಟರಿಯಲ್ಲಿಯೇ.

ಸೀಮೆಎಣ್ಣೆ ಎಂಜಿನ್‌ಗೆ ಬದಲಿಯಲ್ಲ

ಸಬ್ಸಿಡಿ ಸೀಮೆಎಣ್ಣೆ ಸಕಾಲದಲ್ಲಿ ದೊರೆಯುವುದಿಲ್ಲ ಎಂಬ ನಾಡದೋಣಿ ಮೀನುಗಾರರ ದೂರು ಹೊಸತೇನಲ್ಲ. ಹೀಗಿರುವಾಗ ವಿದ್ಯುತ್ ಮೋಟಾರ್ ಎಂದೊಡನೆ ಎಣ್ಣೆಯ ತಾಪತ್ರಯವೇ ತಪ್ಪಿತು ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಮೊದಲು ಅಳತೆಗೋಲಿಗೆ ಹಚ್ಚಿ ನೋಡುವುದು ಒಳಿತು.

ನಾಡದೋಣಿಗಳಿಗೆ ಕಟ್ಟುವ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಪೂರ್ಣ ವೇಗದಲ್ಲಿ ಸುಮಾರು 7,400 ವ್ಯಾಟ್ ಶಕ್ತಿ ನೀಡುತ್ತದೆ. ಮಧ್ಯಮ ಗಾತ್ರದ ಟ್ರೋಲಿಂಗ್ ಮೋಟಾರ್ 12 ವೋಲ್ಟ್‌ನಲ್ಲಿ ಸುಮಾರು 42 ಆಂಪಿಯರ್ ಎಳೆಯುತ್ತದೆ. ಎಂದರೆ ಅದು ಬಳಸುವ ಶಕ್ತಿ 500 ವ್ಯಾಟ್ ಮಾತ್ರ. ಎಂಜಿನ್ನಿನ ಹದಿನೈದರಲ್ಲಿ ಒಂದು ಪಾಲು. ಅಷ್ಟೇ ಬಲವನ್ನು ಬ್ಯಾಟರಿಯಿಂದ ಪಡೆಯಬೇಕಾದರೆ ಒಂದೇ ಒಂದು ಗಂಟೆಯ ಓಟಕ್ಕೆ 100 ಎಎಚ್‌ನ ಆರೇಳು ಲಿಥಿಯಂ ಬ್ಯಾಟರಿಗಳು ಬೇಕಾಗುತ್ತವೆ. ಸೀಮೆಎಣ್ಣೆಯಲ್ಲಿರುವ ಶಕ್ತಿಯ ಬಹುಪಾಲು ಎಂಜಿನ್ನಿನ ಬಿಸಿಯಾಗಿ ವ್ಯರ್ಥವಾಗುತ್ತದೆ, ನಿಜ. ಹಾಗಿದ್ದರೂ ಒಂದು ಲೀಟರ್ ಎಣ್ಣೆಯಿಂದ ಪಂಖಕ್ಕೆ ದೊರೆಯುವ ಕೆಲಸವು 100 ಎಎಚ್ ಲಿಥಿಯಂ ಬ್ಯಾಟರಿಯೊಂದರ ಪೂರ್ತಿ ಸಂಗ್ರಹಕ್ಕೆ ಹೆಚ್ಚುಕಡಿಮೆ ಸಮ.

ಆದುದರಿಂದ ಕಡಲಿಗಿಳಿಯುವ ದೋಣಿಗೆ ಈ ಮೋಟಾರ್ ಒಪ್ಪುವುದಿಲ್ಲ. ಗಂಗೊಳ್ಳಿಯ ಪಂಚಗಂಗಾವಳಿ, ಹಂಗಾರಕಟ್ಟೆಯ ಬಳಿ ಸೇರುವ ಸೀತಾ-ಸ್ವರ್ಣಾ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ, ಇಂತಹ ಹಿನ್ನೀರಿನಲ್ಲಿ ಹುಟ್ಟು ಹಾಕುತ್ತ ಇಲ್ಲವೇ ಜಲ್ಲೆಯೂರುತ್ತ ಒಬ್ಬಿಬ್ಬರು ಸಾಗಿಸುವ ಹದಿನಾಲ್ಕರಿಂದ ಹದಿನಾರು ಅಡಿಯ ದೋಣಿಗೆ ಇದು ಸಹಾಯಕ. ತೋಳಿನ ಶ್ರಮ ಉಳಿಯುತ್ತದೆ, ಸದ್ದು ಇರುವುದಿಲ್ಲ, ನೀರಿಗೆ ಎಣ್ಣೆಯ ಪಸೆ ಬೀಳುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿದರೆ ನಿರಾಸೆ ಖಚಿತ. ದೊಡ್ಡ ದೋಣಿಯನ್ನು ಬ್ಯಾಟರಿಯಿಂದ ನಡೆಸಲಾಗದು ಎಂದು ಇದರ ಅರ್ಥವಲ್ಲ. ನೆರೆಯ ಕೇರಳದ ವೈಕಂನಲ್ಲಿ 75 ಪ್ರಯಾಣಿಕರ 'ಆದಿತ್ಯ' ಸೌರ ದೋಣಿ 2017ರಲ್ಲಿ ಸೇವೆಗಿಳಿಯಿತು. ಆದರೆ ಅದರ ಒಡಲು, ಮೋಟಾರ್, ಬ್ಯಾಟರಿ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಮೊದಲೇ ವಿನ್ಯಾಸಗೊಳಿಸಲಾಗಿತ್ತು. ಹಳೆಯ ದೋಣಿಗೆ ಹೊಸ ಮೋಟಾರ್ ಕಟ್ಟುವುದು ಬೇರೆಯೇ ಮಾತು.

ಎಷ್ಟು ಬಲ, ಎಷ್ಟು ಆಂಪಿಯರ್

ಈ ಮೋಟಾರ್‌ಗಳ ಬಲವನ್ನು ಅಶ್ವಶಕ್ತಿಯಲ್ಲಿ ಹೇಳುವ ಪದ್ಧತಿಯಿಲ್ಲ. ನೀರನ್ನು ಹಿಂದಕ್ಕೆ ತಳ್ಳುವ ನೂಕುಬಲವನ್ನು ಪೌಂಡ್ ಲೆಕ್ಕದಲ್ಲಿ ನಮೂದಿಸುತ್ತಾರೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ತುಂಬಿದ ದೋಣಿಯ ಪ್ರತಿ 100 ಪೌಂಡ್, ಅಂದರೆ ಸುಮಾರು 45 ಕಿಲೋ ತೂಕಕ್ಕೆ ಕನಿಷ್ಠ 2 ಪೌಂಡ್ ನೂಕುಬಲ ಇರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಸೂತ್ರ.

ಉದಾಹರಣೆಗೆ ಫೈಬರ್ ದೋಣಿಯೊಂದರ ತೂಕ 200 ಕಿಲೋ ಎಂದುಕೊಳ್ಳೋಣ. ಇಬ್ಬರು ಆಳುಗಳು 130 ಕಿಲೋ, ಬಲೆ, ಮಂಜುಗಡ್ಡೆ, ಮೀನು ಸೇರಿ 80, ಮೋಟಾರ್ ಮತ್ತು ಬ್ಯಾಟರಿ 40. ಒಟ್ಟು 450 ಕಿಲೋ. ಸೂತ್ರದ ಪ್ರಕಾರ 20 ಪೌಂಡ್ ಸಾಕು. ಆದರೆ ಆ ಸೂತ್ರ ನಿಂತ ನೀರಿನದು. ಉಬ್ಬರ ಇಳಿತಗಳ ಸೆಳೆತವೂ ಮಧ್ಯಾಹ್ನದ ಕಡಲಗಾಳಿಯೂ ಇರುವ ಅಳಿವೆಯಲ್ಲಿ ಅದರ ಎರಡು ಪಟ್ಟಿಗಿಂತ ಕಡಿಮೆ ಇಟ್ಟುಕೊಳ್ಳುವುದು ಜಾಣತನವಲ್ಲ. ಹಾಗಾಗಿ 45 ಪೌಂಡ್ ಆಸುಪಾಸಿನ ಮೋಟಾರ್ ಸೂಕ್ತ.

12 ವೋಲ್ಟ್‌ನಲ್ಲಿ ದೊರೆಯುವ ಟ್ರೋಲಿಂಗ್ ಮೋಟಾರ್‌ಗಳ ಗರಿಷ್ಠ ಬಲ ಸಾಮಾನ್ಯವಾಗಿ 55 ಪೌಂಡ್. 70-80 ಪೌಂಡ್‌ಗೆ 24 ವೋಲ್ಟ್, 100ನ್ನು ಮೀರಿದರೆ 36 ವೋಲ್ಟ್ ಬೇಕು. ನಮ್ಮ ಹಿನ್ನೀರಿನ ಸಣ್ಣ ದೋಣಿಗಳಿಗೆ 12 ವೋಲ್ಟ್ ಮೀರುವ ಅಗತ್ಯ ಬೀಳುವುದು ಅಪರೂಪ. ಅಗತ್ಯ ಬಿದ್ದರೆ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಬೇಕಾಗುತ್ತದೆ. ಎರಡೂ ಒಂದೇ ಬಗೆ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವು ಆಗಿರಬೇಕು. ದೀಪಕ್ಕೆಂದು ಅವುಗಳಲ್ಲೊಂದರಿಂದ ಮಾತ್ರ ತಂತಿ ಎಳೆಯಬಾರದು. ಎಳೆದರೆ ಆ ಬ್ಯಾಟರಿ ಜೊತೆಯದಕ್ಕಿಂತ ಮೊದಲೇ ಸೊರಗಿ ಎರಡನ್ನೂ ಕೆಡಿಸುತ್ತದೆ.

12 ವೋಲ್ಟ್ ಮೋಟಾರ್ ಪೂರ್ಣ ವೇಗದಲ್ಲಿ ಪೌಂಡಿಗೊಂದು ಆಂಪಿಯರ್‌ನಂತೆ ಎಳೆಯುತ್ತದೆಂಬುದು ಸ್ಥೂಲ ಲೆಕ್ಕ. ವೇಗ ತಗ್ಗಿಸಿದರೆ ಉಳಿತಾಯ ಅಚ್ಚರಿ ಹುಟ್ಟಿಸುವಷ್ಟಿದೆ. ನೀರಿನಲ್ಲಿ ದೋಣಿ ಸಾಗಲು ಬೇಕಾದ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಶಕ್ತಿ ಎಂಟರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಈ ಲಾಭ ಎಲ್ಲ ಮೋಟಾರ್‌ಗಳಲ್ಲಿ ಪೂರ್ತಿಯಾಗಿ ದೊರೆಯದು. ಐದು ಹಂತಗಳ ಗುಂಡಿಯಿರುವ ಅಗ್ಗದ ಮೋಟಾರ್‌ಗಳು ವೇಗ ತಗ್ಗಿಸಲು ರೋಧಕ ಸುರುಳಿಯನ್ನು ಬಳಸುತ್ತವೆ. ಉಳಿಯಬೇಕಾದ ವಿದ್ಯುತ್ತಿನ ಒಂದು ಭಾಗ ಅಲ್ಲಿ ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ನೀಡುವ ಎಲೆಕ್ಟ್ರಾನಿಕ್ ನಿಯಂತ್ರಣದ ಮೋಟಾರ್ ತುಸು ದುಬಾರಿ. ದಿನವೆಲ್ಲ ನಿಧಾನಗತಿಯಲ್ಲಿ ದುಡಿಯುವವನಿಗೆ ಆ ಹೆಚ್ಚುವರಿ ಹಣ ಬ್ಯಾಟರಿಯ ಕಡೆಯಿಂದ ಮರಳಿ ಬರುತ್ತದೆ.

ಒಂದು ದಿನದ ದುಡಿಮೆಯ ಲೆಕ್ಕ

ಮೇಲಿನ ದೋಣಿ ದಡದಿಂದ ಮೂರು ಕಿಲೋಮೀಟರ್ ದೂರದ ಬಲೆಯ ಜಾಗಕ್ಕೆ ಹೋಗಿ ಬರಬೇಕೆಂದು ಭಾವಿಸೋಣ. 35 ಆಂಪಿಯರ್ ಎಳೆತದಲ್ಲಿ ನಿಂತ ನೀರಿನಲ್ಲಿ ಅದರ ವೇಗ ಗಂಟೆಗೆ 5 ಕಿಲೋಮೀಟರ್ ಎನ್ನೋಣ. ಇಳಿತದ ಸೆಳೆತ ಗಂಟೆಗೆ 2 ಕಿಲೋಮೀಟರ್ ಇದ್ದು, ಹೋಗುವಾಗ ಅದರ ಜೊತೆಗೇ ಸಾಗಿದರೆ ದೋಣಿ ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ 26 ನಿಮಿಷಕ್ಕೆ ತಲುಪುತ್ತದೆ. ಖರ್ಚು 15 ಎಎಚ್. ಬಲೆ ಬಿಡುವ, ಎತ್ತುವ, ಜಾಗ ಬದಲಿಸುವ ನಿಧಾನದ ಓಡಾಟಕ್ಕೆ 20 ಎಎಚ್. ಮರಳುವಾಗ ಅದೇ ಸೆಳೆತಕ್ಕೆ ಎದುರಾದರೆ ವೇಗ ಗಂಟೆಗೆ 3 ಕಿಲೋಮೀಟರ್‌ಗೆ ಇಳಿಯುತ್ತದೆ. ಒಂದು ಗಂಟೆ, 35 ಎಎಚ್. ದಿನದ ಒಟ್ಟು ಖರ್ಚು 70 ಎಎಚ್.

ಈಗ ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯ ಆಸುಪಾಸಿನ ದಿನ. ಸೆಳೆತ ಗಂಟೆಗೆ 4 ಕಿಲೋಮೀಟರ್ ಆಯಿತೆನ್ನಿ. ಅದೇ ಮೋಟಾರ್, ಅದೇ ಎಳೆತ. ಆದರೆ ದೋಣಿ ಮುಂದೆ ಸಾಗುವುದು ಗಂಟೆಗೆ ಒಂದೇ ಕಿಲೋಮೀಟರ್. ಮೂರು ಕಿಲೋಮೀಟರಿಗೆ ಮೂರು ಗಂಟೆ, ಖರ್ಚು 105 ಎಎಚ್. ಬಲೆಯ ಕೆಲಸ ಮುಗಿಸಿದ ಬ್ಯಾಟರಿಯಲ್ಲಿ ಅಷ್ಟು ಉಳಿದಿರುವುದಿಲ್ಲ. ಸೆಳೆತ ಎರಡು ಪಟ್ಟಾದಾಗ ಮರಳುವ ಖರ್ಚು ಎರಡಲ್ಲ, ಮೂರು ಪಟ್ಟಾಯಿತು ಎಂಬುದನ್ನು ಗಮನಿಸಬೇಕು. ಇಳಿತದೊಂದಿಗೆ ಹೋಗಿ ಉಬ್ಬರದೊಂದಿಗೆ ಮರಳುವ ಹಿರಿಯರ ಕ್ರಮ ಎಂಜಿನ್ ಬಂದ ಮೇಲೆ ಅನೇಕರಿಗೆ ಅನಗತ್ಯವೆನಿಸಿತ್ತು. ಬ್ಯಾಟರಿಯ ದೋಣಿಗೆ ಅದು ಮತ್ತೆ ಅಗತ್ಯ. ಮಳೆಗಾಲದಲ್ಲಿ ನೆರೆ ಬಂದ ಹೊಳೆಗೆ ಈ ಮೋಟಾರ್ ನಂಬಿ ಇಳಿಯುವ ಮಾತೇ ಇಲ್ಲ.

ಸೀಸದ ಬ್ಯಾಟರಿ: ಬರೆದಿರುವಷ್ಟು ದೊರೆಯದು

70 ಎಎಚ್ ಬೇಕಾದರೆ 100 ಎಎಚ್‌ನ ಒಂದು ಬ್ಯಾಟರಿ ಸಾಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಸಾಲದು. ಕಾರಣ ಎರಡು.

ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯ ಬಹುತೇಕ 20 ಗಂಟೆಗಳ ಲೆಕ್ಕದ್ದು. 100 ಎಎಚ್ ಎಂದರೆ 5 ಆಂಪಿಯರ್‌ನಂತೆ 20 ಗಂಟೆ ನೀಡುತ್ತದೆ ಎಂದರ್ಥವೇ ಹೊರತು 50 ಆಂಪಿಯರ್‌ನಂತೆ ಎರಡು ಗಂಟೆ ನೀಡುತ್ತದೆ ಎಂದಲ್ಲ. ವೇಗವಾಗಿ ಎಳೆದಷ್ಟೂ ಒಟ್ಟು ದೊರೆಯುವುದು ಕಡಿಮೆಯಾಗುತ್ತದೆ. 100 ಎಎಚ್ ಬ್ಯಾಟರಿಯಿಂದ 30 ಆಂಪಿಯರ್ ಎಳೆದರೆ ಸುಮಾರು 70, 50 ಆಂಪಿಯರ್ ಎಳೆದರೆ 60ರ ಆಸುಪಾಸಿನಲ್ಲಷ್ಟೇ ಎಎಚ್ ದೊರೆಯುತ್ತದೆ. ಎರಡನೆಯದು, ಸೀಸದ ಬ್ಯಾಟರಿಯನ್ನು ದಿನವೂ ತಳ ಕಾಣುವಂತೆ ಬರಿದು ಮಾಡಿದರೆ ಅದರ ಆಯುಸ್ಸು ವೇಗವಾಗಿ ಕರಗುತ್ತದೆ. ಅರ್ಧದಷ್ಟನ್ನು ಬಳಸಿ ಮರಳಿ ತುಂಬುವುದು ಒಪ್ಪಿತ ಕ್ರಮ. ಹಾಗೆ ನಡೆಸಿಕೊಂಡ ಒಳ್ಳೆಯ ಡೀಪ್ ಸೈಕಲ್ ಬ್ಯಾಟರಿ ಕೆಲವು ನೂರು ಸಲ ತುಂಬಿ ಬರಿದಾಗಬಲ್ಲದು.

ಹೀಗಾಗಿ 70 ಎಎಚ್ ಬಳಕೆಗೆ ವಾಸ್ತವವಾಗಿ 140 ಎಎಚ್ ದೊರೆಯುವಂತಿರಬೇಕು. ವೇಗದ ಎಳೆತದಿಂದಾಗುವ ನಷ್ಟವನ್ನು ಕಾಲು ಭಾಗವೆಂದು ಹಿಡಿದರೆ ಬ್ಯಾಟರಿಯ ಮೇಲಿನ ಅಂಕಿ 190ರ ಹತ್ತಿರ ಬರುತ್ತದೆ. ಅಂದರೆ 100 ಎಎಚ್‌ನ ಎರಡು ಬ್ಯಾಟರಿಗಳು, ತೂಕ ಸುಮಾರು 60 ಕಿಲೋ. ಇವನ್ನು ಸಮಾನಾಂತರವಾಗಿ ಜೋಡಿಸುವಾಗ ಮೋಟಾರಿನ ಧನ ತಂತಿಯನ್ನು ಒಂದು ಬ್ಯಾಟರಿಯಿಂದ, ಋಣ ತಂತಿಯನ್ನು ಇನ್ನೊಂದರಿಂದ ತೆಗೆದರೆ ಹೊರೆ ಎರಡರ ಮೇಲೂ ಸಮನಾಗಿ ಬೀಳುತ್ತದೆ.

ಕಾರಿನ ಅಥವಾ ಲಾರಿಯ ಬ್ಯಾಟರಿಯನ್ನು ಕಟ್ಟುವವರಿದ್ದಾರೆ. ಎಂಜಿನ್ ಚಾಲೂ ಮಾಡಲು ಕೆಲವೇ ಸೆಕೆಂಡು ನೂರಾರು ಆಂಪಿಯರ್ ನೀಡಲೆಂದು ಅದರೊಳಗೆ ತೆಳುವಾದ ಫಲಕಗಳಿರುತ್ತವೆ. ಗಂಟೆಗಟ್ಟಲೆ ಬರಿದು ಮಾಡುವ ಕೆಲಸಕ್ಕೆ ಅವು ಹೇಳಿದವಲ್ಲ. ಕೆಲವು ತಿಂಗಳಲ್ಲೇ ಸೊರಗುತ್ತವೆ. ಆ ಹಣ ನೀರಿಗೆ ಹಾಕಿದಂತೆ.

ಮನೆಯ ಇನ್ವರ್ಟರ್‌ನ ಟ್ಯೂಬ್ಯುಲರ್ ಬ್ಯಾಟರಿಯ ವಿಚಾರ ಬೇರೆ. ಆಳವಾಗಿ ಬರಿದಾಗುವುದನ್ನು ಅದು ಸಹಿಸುತ್ತದೆ, ಯಾವ ಊರಿನಲ್ಲಿಯೂ ಸಿಗುತ್ತದೆ, ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ವಜಾ ಮಾಡುತ್ತಾರೆ. 150 ಎಎಚ್‌ನದು 30 ಆಂಪಿಯರ್ ಎಳೆತದಲ್ಲಿ ಸುಮಾರು 115 ಎಎಚ್ ನೀಡಬಲ್ಲದು. ಸೌರ ಘಟಕಕ್ಕೆಂದು ಮಾರುವ ಬ್ಯಾಟರಿಗಳ ಸಾಮರ್ಥ್ಯವನ್ನು ಹಲವು ಬಾರಿ 10 ಗಂಟೆಗಳ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಒಂದೇ ಅಂಕಿಯಿದ್ದರೂ ಇನ್ವರ್ಟರ್ ಬ್ಯಾಟರಿಗಿಂತ ಅದರಲ್ಲಿ ತುಸು ಹೆಚ್ಚು ಹುರುಳಿರುತ್ತದೆ. ಆದರೆ ದೋಣಿಗೆ ಇದರ ದೋಷಗಳೂ ದೊಡ್ಡವೇ. ತೂಕ 50 ಕಿಲೋ ಮೀರುತ್ತದೆ. ಎತ್ತರದ ಪೆಟ್ಟಿಗೆಯಾದ ಕಾರಣ ಸಣ್ಣ ದೋಣಿಯಲ್ಲಿ ಭಾರ ಮೇಲಕ್ಕೇರಿ ಹೊಯ್ದಾಟ ಹೆಚ್ಚುತ್ತದೆ. ವಾಲಿದರೆ ಮುಚ್ಚಳದ ರಂಧ್ರಗಳಿಂದ ಆಮ್ಲ ಚೆಲ್ಲಿ ಬಲೆಯನ್ನೂ ಕಾಲನ್ನೂ ಸುಡುತ್ತದೆ. ಗೋಡೆಯ ಮೂಲೆಯಲ್ಲಿ ಅಲುಗಾಡದೆ ಕೂರಲೆಂದು ತಯಾರಾದ ವಸ್ತು ಅದು. ದೋಣಿಯಲ್ಲಿ ಬಳಸಿದರೆ ಖಾತರಿ ಅನ್ವಯಿಸುತ್ತದೆಯೇ ಎಂಬುದನ್ನು ಖಾತರಿ ಪತ್ರ ಓದಿಯೇ ತಿಳಿಯಬೇಕು.

ಉಪ್ಪುನೀರಿಗೂ ಸೀಸದ ಬ್ಯಾಟರಿಗೂ ಆಗಿಬರದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಸಮುದ್ರದ ನೀರು ಬ್ಯಾಟರಿಯ ಆಮ್ಲದೊಳಗೆ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಹಳೆಯ ಜಲಾಂತರ್ಗಾಮಿ ನೌಕೆಗಳ ನಾವಿಕರನ್ನು ಕಾಡಿದ ಅಪಾಯವಿದು. ತೆರೆದ ದೋಣಿಯಲ್ಲಿ ಅನಿಲ ಚದುರಿಹೋಗುತ್ತದೆ ಎಂಬುದು ಸಮಾಧಾನವಾದರೂ ಬ್ಯಾಟರಿ ಮಾತ್ರ ಉಳಿಯದು. ಪೂರ್ತಿ ಮುಚ್ಚಿದ ಎಜಿಎಂ ಬಗೆಯ ಬ್ಯಾಟರಿಯಲ್ಲಿ ಆಮ್ಲ ಗಾಜಿನ ನಾರಿನ ಹಾಳೆಗಳಲ್ಲಿ ಹೀರಿಕೊಂಡಿರುವುದರಿಂದ ಚೆಲ್ಲುವ ಭಯವಿಲ್ಲ, ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ. ಸೀಸದ್ದೇ ಬೇಕೆನ್ನುವವರು ದೋಣಿಗೆ ಇದನ್ನು ಆರಿಸುವುದು ಮೇಲು. ತೂಕದಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಲಿಥಿಯಂ: ಹಗುರ, ಆದರೆ ಮುನ್ಸೂಚನೆಯಿಲ್ಲ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈ ಲೆಕ್ಕಗಳನ್ನೆಲ್ಲ ಸರಳಗೊಳಿಸುತ್ತದೆ. ವೇಗವಾಗಿ ಎಳೆದರೂ ಬರೆದಿರುವ ಸಾಮರ್ಥ್ಯದ ಬಹುಪಾಲು ದೊರೆಯುತ್ತದೆ. ಶೇ. 80ರವರೆಗೆ ಬರಿದು ಮಾಡಿದರೂ ಸಾವಿರಾರು ಸಲ ತುಂಬಬಹುದು. ಮೇಲಿನ 70 ಎಎಚ್ ದುಡಿಮೆಗೆ 100 ಎಎಚ್‌ನ ಒಂದೇ ಬ್ಯಾಟರಿ ಸಾಕು, ಶೇ. 30ರಷ್ಟು ಆಪತ್ತಿಗೆ ಉಳಿಯುತ್ತದೆ. ತೂಕ ಸುಮಾರು 12 ಕಿಲೋ. ಬ್ಯಾಟರಿಯನ್ನು ಸಂಜೆ ಮನೆಗೊಯ್ದು ಚಾರ್ಜ್ ಮಾಡಿ, ಬೆಳಗಿನ ಜಾವ ಮರಳಿನ ದಿಬ್ಬ ದಾಟಿಸಿ ದೋಣಿಗೆ ಇಳಿಸುವವನಿಗೆ 60 ಕಿಲೋಗೂ 12 ಕಿಲೋಗೂ ಇರುವ ಅಂತರ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಬೆಲೆ ಒಂದೇ ಸಾಮರ್ಥ್ಯದ ಸೀಸದ ಬ್ಯಾಟರಿಗಿಂತ ಹೆಚ್ಚು. ಆದರೆ ಹೋಲಿಸಬೇಕಾದುದು ಒಂದು ಲಿಥಿಯಂ ಜೊತೆ ಎರಡು ಸೀಸದ ಬ್ಯಾಟರಿಗಳನ್ನು. ಅವನ್ನೂ ಆ ಅವಧಿಯಲ್ಲಿ ಹಲವು ಬಾರಿ ಬದಲಿಸಬೇಕಾದೀತು ಎಂಬುದನ್ನು ಸೇರಿಸಿಕೊಂಡು. ದಿನವೂ ದುಡಿಯುವ ದೋಣಿಗೆ ಲಿಥಿಯಂ ಅಗ್ಗವೇ ಬೀಳುತ್ತದೆ. ವಾರಕ್ಕೊಮ್ಮೆ ಗಾಳ ಹಾಕಲು ಹೋಗುವವರಿಗೆ ಸೀಸದ ಬ್ಯಾಟರಿಯೇ ಸಾಕು.

ಇಷ್ಟೆಲ್ಲ ಗುಣಗಳ ನಡುವೆ ಎರಡು ಸಂಗತಿಗಳು ಅಪಾಯಕಾರಿ.

ಸೀಸದ ಬ್ಯಾಟರಿ ಬರಿದಾಗುವಾಗ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ. ಮೋಟಾರಿನ ಸದ್ದು ಕುಗ್ಗುತ್ತದೆ, ದೋಣಿ ಮಂದವಾಗುತ್ತದೆ. ಮರಳುವ ಹೊತ್ತಾಯಿತೆಂದು ಅದು ತಾನಾಗಿಯೇ ಹೇಳುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ವೋಲ್ಟೇಜ್ ಬಹುತೇಕ ಕೊನೆಯವರೆಗೂ ಒಂದೇ ಮಟ್ಟದಲ್ಲಿರುತ್ತದೆ. ಪೂರ್ಣ ಬಲದಲ್ಲಿ ಓಡುತ್ತಿದ್ದ ಮೋಟಾರ್ ಮರುಕ್ಷಣವೇ ನಿಲ್ಲುತ್ತದೆ. ಮಾಮೂಲಿ ವೋಲ್ಟ್ ಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಒಳಹೋದ, ಹೊರಬಂದ ವಿದ್ಯುತ್ತನ್ನು ಎಣಿಸಿ ಉಳಿದ ಶೇಕಡಾವಾರನ್ನು ತೋರಿಸುವ, ಶಂಟ್ ಇರುವ ಮೀಟರನ್ನೇ ಅಳವಡಿಸಿಕೊಳ್ಳಬೇಕು.

ಇನ್ನೊಂದು, ಬ್ಯಾಟರಿಯೊಳಗಿನ ರಕ್ಷಣಾ ಮಂಡಲ. ಬಿಎಂಎಸ್ ಎಂದು ಕರೆಯುವ ಇದು ನಿಗದಿತ ಮಿತಿಗಿಂತ ಹೆಚ್ಚು ವಿದ್ಯುತ್ ಹರಿದರೆ ಸಂಪರ್ಕವನ್ನು ಕಡಿದುಬಿಡುತ್ತದೆ. 100 ಎಎಚ್ ಬ್ಯಾಟರಿ ಎಂದು ಬರೆದಿದ್ದ ಮಾತ್ರಕ್ಕೆ ಅದು 100 ಆಂಪಿಯರ್ ಸತತವಾಗಿ ನೀಡುತ್ತದೆಂದಲ್ಲ. ಬಿಎಂಎಸ್ ಮಿತಿ 50 ಆಂಪಿಯರ್ ಇರುವ ಬ್ಯಾಟರಿಗಳೂ ಮಾರುಕಟ್ಟೆಯಲ್ಲಿವೆ. 42 ಆಂಪಿಯರ್ ಎಳೆಯುವ ಮೋಟಾರಿನ ಪಂಖಕ್ಕೆ ಬಲೆಯ ದಾರ ಸುತ್ತಿಕೊಂಡರೆ ಎಳೆತ ಕ್ಷಣದಲ್ಲಿ 50ನ್ನು ಮೀರುತ್ತದೆ, ಬ್ಯಾಟರಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಎಚ್ ಎಷ್ಟು ಎಂದಲ್ಲ, ಸತತ ಆಂಪಿಯರ್ ಎಷ್ಟು ಎಂದು. ಮೋಟಾರಿನ ಗರಿಷ್ಠ ಎಳೆತಕ್ಕಿಂತ ಅದು ಒಂದೂವರೆ ಪಟ್ಟಾದರೂ ಇರಬೇಕು.

ಹಳೆಯ ವಿದ್ಯುತ್ ವಾಹನಗಳಿಂದ ಬಿಚ್ಚಿದ ಲಿಥಿಯಂ ಕೋಶಗಳನ್ನು ಸೇರಿಸಿ ಕಟ್ಟಿಕೊಡುವ ಅಗ್ಗದ ಪ್ಯಾಕ್‌ಗಳೂ ಇವೆ. ಅವುಗಳಲ್ಲಿ ಅನೇಕವು ಐರನ್ ಫಾಸ್ಫೇಟ್ ಬದಲು ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯವು. ಕೆಟ್ಟರೆ ಬೆಂಕಿ ಹತ್ತಿಕೊಳ್ಳುವ ಸಂಭವ ಹೆಚ್ಚು. ಫೈಬರ್ ದೋಣಿಯಲ್ಲಿ, ನಡುನೀರಿನಲ್ಲಿ, ಓಡಿಹೋಗಲು ಜಾಗವಿಲ್ಲದ ಕಡೆ ಅಂತಹ ಉಳಿತಾಯ ಬೇಡ.

ತಂತಿ, ಫ್ಯೂಸ್, ಜಾಗ

ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿದು ಮನೆಯ ವೈರಿಂಗಿನಲ್ಲಿ ಉಳಿದ ತಂತಿಯಿಂದ ಮೋಟಾರ್ ಜೋಡಿಸುವುದು ಸಾಮಾನ್ಯ ತಪ್ಪು. ದೋಣಿಯ ಮಧ್ಯದಿಂದ ಹಿಂಬದಿಯವರೆಗೆ 4 ಮೀಟರ್, ಹೋಗಿ ಬರುವ ತಂತಿ 8 ಮೀಟರ್ ಎನ್ನಿ. 50 ಆಂಪಿಯರ್ ಹರಿದಾಗ 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 1.8 ವೋಲ್ಟ್‌ಗಿಂತ ಹೆಚ್ಚು ಕರಗಿಹೋಗುತ್ತದೆ. 12 ವೋಲ್ಟ್‌ನಲ್ಲಿ ಅದು ಶೇ. 15. ತಂತಿಯೂ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅದೇ 16 ಚದರ ಮಿಲಿಮೀಟರ್ ಆದರೆ ನಷ್ಟ ಅರ್ಧ ವೋಲ್ಟ್‌ಗಿಂತ ಕಡಿಮೆ. ಬ್ಯಾಟರಿಯನ್ನು ಮೋಟಾರಿನ ಹತ್ತಿರ ತಂದರೆ ತಂತಿಯ ಖರ್ಚು ಉಳಿಯುತ್ತದೆ, ಆದರೆ ಆಗ ಭಾರವೆಲ್ಲ ಹಿಂಬದಿಗೆ ಬಿದ್ದು ಮೂತಿ ಮೇಲೇಳುತ್ತದೆ. ಸೀಸದ ಬ್ಯಾಟರಿ ಮಧ್ಯದಲ್ಲಿ, ತಳಕ್ಕೆ ಅಂಟಿ, ಪಟ್ಟಿಯಿಂದ ಬಿಗಿದು ಇರುವುದೇ ಸರಿ. ಲಿಥಿಯಂ ಆದರೆ ಹಿಂದಕ್ಕಿಟ್ಟರೂ ಅಡ್ಡಿಯಿಲ್ಲ.

50 ಆಂಪಿಯರ್ ಮೋಟಾರಿಗೆ 60 ಆಂಪಿಯರ್ ಫ್ಯೂಸ್ ಅಥವಾ ಸರ್ಕ್ಯೂಟ್ ಬ್ರೇಕರ್ ಬೇಕು. ಅದು ಇರಬೇಕಾದುದು ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ. ಅಮೆರಿಕದ ದೋಣಿ ತಯಾರಕರ ಮಾನದಂಡದ ಪ್ರಕಾರ 7 ಇಂಚು, ಅಂದರೆ 18 ಸೆಂಟಿಮೀಟರ್ ಒಳಗೆ. ಮೋಟಾರಿನ ಬಳಿ ಫ್ಯೂಸ್ ಹಾಕಿದರೆ ನಡುವಿನ ತಂತಿ ತೇವದಲ್ಲಿ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರಿಲ್ಲ. ತವರ ಲೇಪಿಸಿದ ತಾಮ್ರದ ತಂತಿ ಉಪ್ಪುಗಾಳಿಯನ್ನು ಹೆಚ್ಚು ಕಾಲ ತಡೆಯುತ್ತದೆ. ಟರ್ಮಿನಲ್‌ಗಳಿಗೆ ವ್ಯಾಸಲೀನ್ ಬಳಿಯುವ ಹಳೆಯ ಕ್ರಮವೂ ಉತ್ತಮವೇ. ಮೋಟಾರ್ ಕೊಳ್ಳುವಾಗಲೇ ಅದು ಉಪ್ಪುನೀರಿಗೆ ಹೇಳಿದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಸಿಹಿನೀರಿನ ಮಾದರಿಗಳು ಅಳಿವೆಯ ನೀರಿನಲ್ಲಿ ಬೇಗ ತುಕ್ಕಿಗೆ ತುತ್ತಾಗುತ್ತವೆ.

ಚಾರ್ಜಿಂಗ್ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸೀಸದ ಬ್ಯಾಟರಿಯನ್ನು ಅಂದಿನ ಸಂಜೆಯೇ ಚಾರ್ಜಿಗಿಡಬೇಕು; ಬರಿದಾದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. 200 ಎಎಚ್‌ಗೆ 20 ಆಂಪಿಯರ್ ಚಾರ್ಜರ್ ಇದ್ದರೆ ರಾತ್ರಿಯೊಳಗೆ ತುಂಬುತ್ತದೆ. ತುಂಬುವಾಗ ಹೈಡ್ರೋಜನ್ ಹೊಮ್ಮುವುದರಿಂದ ಅಡುಗೆಮನೆಯಲ್ಲಾಗಲಿ ಮಲಗುವ ಕೋಣೆಯಲ್ಲಾಗಲಿ ಇಡಬಾರದು. ಕೆಲವು ಗಂಟೆ ವಿಶ್ರಾಂತಿಯ ನಂತರ 12.7 ವೋಲ್ಟ್ ತೋರಿಸಿದರೆ ಪೂರ್ಣ, 12.2 ಆದರೆ ಅರ್ಧ. ಲಿಥಿಯಂ ಬ್ಯಾಟರಿಗೆ ಅದಕ್ಕೆಂದೇ ಇರುವ ಚಾರ್ಜರ್ ಬೇಕು. ಹಳೆಯ ಚಾರ್ಜರ್‌ಗಳ ಸಲ್ಫೇಟ್ ಕಳೆಯುವ ಹೆಚ್ಚಿನ ವೋಲ್ಟೇಜ್ ಅದಕ್ಕೆ ಸಲ್ಲದು. 70 ಎಎಚ್ ಮರಳಿ ತುಂಬಲು ನಷ್ಟವೂ ಸೇರಿ ಸುಮಾರು ಒಂದೂಕಾಲು ಯೂನಿಟ್ ಕರೆಂಟ್ ಬೇಕಾಗುತ್ತದೆ. ಸೌರ ಫಲಕದ ಆಸೆಯಿದ್ದರೆ, ಒಳ್ಳೆಯ ಬಿಸಿಲಿನ ದಿನ 100 ವ್ಯಾಟ್ ಫಲಕ 30 ಎಎಚ್‌ನಷ್ಟು ನೀಡೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬುವಂತಿಲ್ಲ.

ಹೊಸ ಬ್ಯಾಟರಿ ಕಟ್ಟಿದ ಮೊದಲ ವಾರ ದಡದ ಪಕ್ಕದಲ್ಲೇ, ಉಬ್ಬರ ಏರುವ ಹೊತ್ತಿನಲ್ಲಿ, ಎಷ್ಟು ದೂರಕ್ಕೆ ಎಷ್ಟು ಎಎಚ್ ಖರ್ಚಾಗುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ಮೇಲಿನ ಅಂದಾಜುಗಳ ಬದಲು ಆ ದೋಣಿಯದೇ ಅಂಕಿಗಳು ಕೈಗೆ ಬರುತ್ತವೆ. ಪಂಖದ ಅಡ್ಡಪಿನ್ನು ಬಲೆಗೆ ಸಿಕ್ಕಿ ಮುರಿಯುವುದು ಮಾಮೂಲು. ಎರಡು ಹೆಚ್ಚುವರಿ ಪಿನ್ನು, ಒಂದು ಫ್ಯೂಸ್, ಒಂದು ಸ್ಪ್ಯಾನರ್ ಡಬ್ಬಿಯಲ್ಲಿರಬೇಕು. ಹುಟ್ಟು ಮತ್ತು ಲಂಗರನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಲಂಗರಿನ ಹಗ್ಗ ಅಳಿವೆಯ ಬಾಯಿಯ ಆಳಕ್ಕೆ ಸಾಲುವಷ್ಟು ಉದ್ದವಿದೆಯೇ ಎಂಬುದನ್ನು ಮಾತ್ರ ದಡದಲ್ಲೇ ಅಳೆದು ನೋಡಬೇಕು.